ಹೊರಗಿಟ್ಟ ಹಿಡಿ

ಬೀಜದ ತೊಗರಿ ತಿನ್ನೋದಲ್ಲ.
ಇದು ಮೊದಲ ಪಾಠ, ಅದೂ ಬೆನ್ನಿಗೊಂದು ಬಿದ್ದ ಮ್ಯಾಲೆ ಬಂದದ್ದು.
ಎರಡನೇದು: ತೊಗರಿಗೂ ಒಂದು ಮೈ ಅದ,
ಮೈಗೊಂದು ಅಂಗಿ ಬೇಕು.

ಮಾಘದ ಬಿಸಲಾಗ, ಮಾಳಿಗಿ ಮ್ಯಾಲೆ,
ಆಯಿ ಮಾಪಮ್ಮ ಕೆಮ್ಮಣ್ಣು ಕಲಸತಿದ್ದಳು.
ಮಣ್ಣು ಚಿಂಚೋಳಿ ಕಡೆ ಗುಡ್ಡದ್ದು.
ನಮ್ಮ ಕಾಗಿಣಾ ದಂಡಿಯ ಕರಿ ಎರಿಗೆ
ಈ ಕೆಲಸ ಬರಂಗಿಲ್ಲ ಅಂತ ಅಕಿ ತೀರ್ಪು.
ನೀರು ಎಷ್ಟು ಅಂತ ಕೇಳಿದರ
"ಮಣ್ಣಿಗೇ ಕೇಳು" ಅಂತಿದ್ದಳು.

ಕಾಳು ಸುರಿದು, ಎರಡೂ ಅಂಗೈಲೆ ತಿಕ್ಕಿ,
ಕೂಸಿಗೆ ಎಣ್ಣಿ ಹಚ್ಚಿದಂಗ ತಿಕ್ಕಿ ತಿಕ್ಕಿ,
ಒಂದೊಂದೂ ಕೆಂಪಗಾಗಿ, ಗುರುತು ಸಿಗದಂಗಾಗಿ
ಶಹಾಬಾದಿ ಪರಸಿ ಮ್ಯಾಲೆ ಮೈ ಚೆಲ್ಲಿ ಮಲಗತಿದ್ದವು
ಮೂರು ದಿನ.

ಸಂಜಿಗೆ ಒಂದು ಕಾಳು ಹಲ್ಲಾಗಿಟ್ಟು ಕಡೀತಿದ್ದಳು.
ಕಟ್ ಅಂದರ ಆತು.
ಮೆತ್ತಗಂದರ ಇನ್ನೊಂದು ಬಿಸಲು.
ಇದ್ದ ನಾಕು ಹಲ್ಲಿನಾಗ ಒಂದು
ಇದೇ ಕೆಲಸಕ್ಕ ಮೀಸಲಿತ್ತು.

ಆಮ್ಯಾಲೆ ಹರವಿ.
ತಳಕ್ಕ ಬೇವಿನ ಒಣ ಎಲಿ, ನಡುವೆ ಕುಳ್ಳಿನ ಬೂದಿ,
ಬಾಯಿಗೆ ಇನ್ನೊಂದು ಮುಷ್ಟಿ ಬೂದಿ, ಮುಚ್ಚಳ,
ಮುಚ್ಚಳದ ಸುತ್ತ ಸೆಗಣಿ ಮಣ್ಣು. ಗಾಳಿಗೂ ಹಾದಿ ಇಲ್ಲ.
"ತಪ್ಪಿ ಒಳಗೊಂದು ಉಳಿದಿದ್ದರ
ತನ್ನ ಉಸಿರು ತಾನೇ ಉಂಡು ತೀರಿಸಿ ಸಾಯಲಿ."

ಬಾಜೂ ಮನಿ ಸಾಯಬಣ್ಣ ನಗತಿದ್ದ.
ಅವನ ಗುಮ್ಮಿ ತುಂಬ ಬರೀ ತೊಗರಿ.
ರಾತ್ರಿ ಗ್ವಾಡಿಗೆ ಕಿವಿ ಹಚ್ಚಿದರ
ಯಾರೋ ಕಾಗದ ಹರಿದಂಗ, ಒಂದೇ ಸವನ.
ಮಿರಗಕ್ಕ ಬಿತ್ತಲಿಕ್ಕ ತೆಗೆದ.
ಕಾಳಿಗೊಂದು ಗುಂಡನ ಕಿಡಕಿ, ಒಳಗ ಹಿಟ್ಟು.
ಬುಟ್ಟಿ ಹಿಡಕೊಂಡು ನಮ್ಮ ಬಾಗಲಿಗೇ ಬಂದ.
ಆಯಿ ಕೊಟ್ಟಳು, ಎರಡು ಸೇರು,
ಗ್ವಾಡಿ ಮ್ಯಾಲೆ ಇದ್ದಲಿಲೆ ಎರಡು ಗೀರೆಳೆದು ಕೊಟ್ಟಳು.

ಇಷ್ಟು ಬಂದೋಬಸ್ತಿನಾಕಿ
ಕಟ್ಟಕಡೆಗೆ ಒಂದು ಹಿಡಿ ತೊಗರಿ,
ಮಣ್ಣಿಲ್ಲ ಬೂದಿಯಿಲ್ಲ, ಬತ್ತಲೆ ತೊಗರಿ,
ಒಡಕು ಬೋಗಾಣ್ಯಾಗ ಹಾಕಿ
ಹರವಿ ಸಾಲಿನ ಪಕ್ಕದಾಗ ತೆರೆದೇ ಇಡತಿದ್ದಳು.

ನಾನೂ ಗೆಳತಿ ಮಲಂಗಬಿಯೂ ದಿನಾ ಬಗ್ಗಿ ನೋಡತಿದ್ದಿವಿ.
ಹುಳಕ್ಕೂ ಪಾಲು ಇಡ್ತಾಳ ನಮ್ಮ ಆಯಿ,
ಎಂಥಾ ಕರುಣಾ, ಅಂತ
ಸಾಲ್ಯಾಗ ನಿಬಂಧ ಬರದೆ.
ಮಾಸ್ತರರು ಹತ್ತಕ್ಕ ಎಂಟು ಕೊಟ್ಟರು.

ಆಯಿಗೆ ಓದಿ ಹೇಳಿದೆ.
ಎಲಿ ಅಡಕಿ ಬಾಯಾಗಿದ್ದಂಗೇ ನಕ್ಕಳು.
"ಕರುಣಾ ಎಲ್ಲಿಂದ ಬಂತವ್ವಾ? ಅದು ಕಾವಲು.
ಬರೋದು ಮೊದಲು ಬತ್ತಲೆ ಕಾಳಿಗೇ ಬರ್ತದ.
ಬೋಗಾಣ್ಯಾಗ ಬಿಳಿ ಚುಕ್ಕಿ ಕಂಡ ದಿನ
ಎಲ್ಲಾ ಹರವಿ ಬಿಚ್ಚಿ ಬಿಸಲಿಗೆ ಹಾಕ್ತೀನಿ.
ನಿಮ್ಮ ಮಾಸ್ತರಗ ಹೇಳು,
ಎಂಟರಾಗ ಆರು ತಿರುಗಿ ತಗೋ ಅಂತ."

ಈಗ ಕಲಬುರಗಿ ಗಂಜಿನ ಹಿಂದಿನ ಗೋದಾಮಿನ್ಯಾಗ
ಚೀಲದ ಲೆಕ್ಕ ಬರೀತೀನಿ.
ಗುಳಿಗಿ ಇಡೋ ದಿನ ತಾಡಪತ್ರಿ ಹೊದಿಸಿ
ಅಂಚಿಗುಂಟ ಉಸುಕಿನ ಹಾವು ಮಲಗಿಸಿ
ಬಾಗಲಿಗೆ ತಲಿಬುರುಡಿ ಚೀಟಿ ಹಚ್ಚತಾರ.
ಏಳು ದಿನ ಯಾರೂ ಕಾಲಿಡಂಗಿಲ್ಲ.
ಸಂದಿನ್ಯಾಗಿಂದ ಹಳೇ ಬೆಳ್ಳುಳ್ಳಿ ವಾಸನಿ ಬಂದರ
ಓಡು ಅಂತ ಅರ್ಥ.
ಬಾಗಲು ತೆಗೆದು, ಗಾಳಿ ಆಡಿದ ಮ್ಯಾಲೆ ಕಸ ಹೊಡದರ
ಸತ್ತವು ಸಾಸಿವಿಯಂಗ ಉರುಳ್ತಾವ.

ಸಾಹೇಬರ ಹತ್ತಿರ ಚೀಲಕ್ಕ ಚುಚ್ಚೋ ಬಂಬು ಅದ,
ತಿಂಗಳಿಗೊಮ್ಮೆ ಅದರ ವರದಿ, ಕೆಳಗ ಸಹಿ.
ನನ್ನದು, ಹದಿನಾಲ್ಕನೇ ಸಾಲಿನ ಹಿಂದ,
ಮೂಲ್ಯಾಗ, ಕಿವಿ ಮುರಿದ ಒಂದು ಚಹಾದ ಕಪ್ಪು.
ಅದರಾಗ ಒಂದು ಹಿಡಿ.
ಹಮಾಲ ಈರಪಣ್ಣ ಅದನ್ನ ದೇವರಂತ ತಿಳದು
ಒಮ್ಮೆ ಅರಿಷಿಣ ಹಚ್ಚಿದ್ದ. ಬೈದು ತೊಳದೆ.

ಇವತ್ತು ಮುಂಜಾನೆ, ಒಂದು ಕಾಳಿನ ಮ್ಯಾಲೆ
ಸೂಜಿ ಮೊನಿಯಷ್ಟು ಬೆಳ್ಳಗ, ಒಂದೇ ಒಂದು.
ಬಂಬಿಗೆ ಇನ್ನೂ ಗೊತ್ತಿಲ್ಲ.
ಬೆರಳ ತುದಿಗಿ ಇಟ್ಟುಕೊಂಡು
ಉಸಿರು ಬಿಗಿಹಿಡಿದು ಆಫೀಸಿಗೆ ಬಂದು ನಿಂತೀನಿ.

ಸಾಹೇಬರು
ಚಷ್ಮಾ ಹುಡುಕಲಿಕ್ಕ ಹತ್ಯಾರ.