ಒಂದೇ ಹಾಳೆಯ ಮಡಿಕೆ

ಗುರುವಾರ, ಬಾಗಿಲೆಳೆಯುವ ಹೊತ್ತಿಗೆ
ಬಲ್ಮಠದ ಇಳಿಜಾರಿನ ನನ್ನ ಅಂಗಡಿಗೆ
ಸತ್ಯವತಿ ಸಾಲಿನ್ಸ್ ಟೀಚರ್ ಬಂದರು,
ಕಂಕುಳಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ
ಅಜ್ಜನ ಕಾಲದ ಪುಸ್ತಕ.

"ಇದನ್ನು ಎರಡು ಮಾಡು ಮಾರಾಯ,
ಮಣಿಕಟ್ಟು ಕೇಳುವುದಿಲ್ಲ ಈಗ.
ಹಳೆಯದು ಬೇರೆ, ಹೊಸದು ಬೇರೆ."

ಅದಕ್ಕೆಂತ, ಅರ್ಧ ದಿನದ ಕೆಲಸ ಎಂದೆ.

ಬೆನ್ನು ಬಿಚ್ಚಿದೆ. ಒಣಗಿದ ಗೋಂದು
ಹಪ್ಪಳದ ಚೂರಿನಂತೆ ಉದುರಿತು.
ಮುಂದಿನ ಮುಕ್ಕಾಲು ಪಾಲು ಇನ್ನೂ ಗರಿಗರಿ,
ಕೀರ್ತನೆಗಳ ಪುಟ ಮಾತ್ರ ಬೆರಳಿನ ಎಣ್ಣೆಗೆ ಕಂದಿದೆ.
ಹಿಂದಿನ ಕಾಲು ಪಾಲು ಸವೆದು ಮೂಲೆ ದುಂಡಗೆ.
ಹಳೆಯದು ಹೊಸತಾಗಿ, ಹೊಸದು ಹಳತಾಗಿ:
ಬೈಂಡರನಿಗೆ ತಿಳಿಯುವ ದೈವಶಾಸ್ತ್ರ ಇಷ್ಟೇ.

ಆಮೇಲೆ ಸಿಕ್ಕಿತು ತೊಡಕು.
ಕೊನೆಯ ಪ್ರವಾದಿಯ ಕೊನೆಯ ಸಾಲು,
ವಂಶಾವಳಿಯ ಮೊದಲ ಹೆಸರು,
ಎರಡೂ ಒಂದೇ ಫಾರ್ಮಿನ ನಟ್ಟನಡುವಿನ ಹಾಳೆಯಲ್ಲಿ.
ದಾರ ಹಾಯ್ದ ಮಡಿಕೆಯ ಈಚೆ ಅದು, ಆಚೆ ಇದು.
ನಡುವೆ ಒಂದು ಖಾಲಿ ಪುಟವೂ ಇಲ್ಲ,
ಕಾಗದ ತುಟ್ಟಿಯಿದ್ದ ಕಾಲದ ಮುದ್ರಣ.

ಟೀಚರ್ ಸ್ಟೂಲೆಳೆದು ಕೂತರು.
"ಯೆಹೂದ್ಯರದ್ದು, ನಮ್ಮದು, ತಾಯಿ ಮಗಳು ಅಂತ
ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ.
ತಪ್ಪು. ಅವಳಿ ಅವು.
ಯೆರೂಸಲೇಮಿನ ದೇವಾಲಯ ಉರಿದಾಗ
ಒಂದೇ ಹೊಗೆ ಕುಡಿದು ಬೆಳೆದವು.
ಒಂದು, ಬಲಿಪೀಠವನ್ನು ಊಟದ ಮೇಜಿಗೆ ಇಳಿಸಿತು,
ಕೈ ತೊಳೆದು ರೊಟ್ಟಿ ಮುರಿದು ವಾದ ಮಾಡುತ್ತ ಓದಿತು.
ಇನ್ನೊಂದು ಮೇಜಿನಿಂದಲೇ ಹೊರಟು
ಮೇಜನ್ನು ಮತ್ತೆ ಬಲಿಪೀಠ ಮಾಡಿತು.
ಆಮೇಲೆ ಅರಸನೊಬ್ಬ ಬಂದು ಪಕ್ಕದಲ್ಲಿ ಕೂತ.
ಅರಸ ಕೂತಲ್ಲಿ ಪಾಲುಪಟ್ಟಿ
ನ್ಯಾಯವಾಗಿ ಆದದ್ದುಂಟಾ?"

ಅವರ ಪುಟವೊಂದನ್ನು ಚಿತ್ರದಲ್ಲಿ ನೋಡಿದ್ದರಂತೆ:
ನಡುವೆ ನಾಲ್ಕು ಸಾಲು, ಸುತ್ತ ನೂರಾರು ವರ್ಷದ ಜಗಳ,
ಸೋತವನ ಮಾತನ್ನೂ ಅಳಿಸಿಲ್ಲ.
ನಮ್ಮದರಲ್ಲಿ ಅಂಚು ಖಾಲಿ.
ಖಾಲಿ ಅಂಚು ನನ್ನಂಥವನಿಗೆ ಸುಲಭ,
ಕತ್ತರಿಸಿದರೆ ಯಾರೂ ಕೇಳುವುದಿಲ್ಲ.

ನಾನು ಬಾಯಿ ಬಿಡಲಿಲ್ಲ.
ನನ್ನ ಸೆರಫಿನ್ ಅಜ್ಜಿ ಹೇಳುತ್ತಿದ್ದಳು:
ಶುಭ ಶುಕ್ರವಾರದ ಉದ್ದ ಪ್ರಾರ್ಥನೆಯ ಲ್ಯಾಟಿನ್
ನಮಗೆ ತಿಳಿಯದಿದ್ದರೂ ಮೊಣಕಾಲಿಗೆ ತಿಳಿದಿತ್ತು.
ಎಲ್ಲರ ಹೆಸರಿಗೂ ಊರುವುದು,
ಯೆಹೂದ್ಯರ ಹೆಸರಿಗೆ ಮಾತ್ರ ನಿಂತೇ ಇರುವುದು.
ಅದೇ ಅಜ್ಜಿಯ ಇನ್ನೊಂದು ಕತೆ, ಗೋವೆ ಬಿಟ್ಟು ಓಡಿಬಂದದ್ದು:
ಉಪ್ಪು ಹಾಕದೆ ಅನ್ನ ಬೇಯಿಸಿದ್ದೂ ಅಪರಾಧವಂತೆ.
ಆ ಕಚೇರಿಯ ದಫ್ತರದಲ್ಲಿ
ನಮಗಿಂತ ಮುಂಚಿನ ಪುಟ
ಶನಿವಾರ ಒಲೆ ಹಚ್ಚದವರದ್ದು,
ಹುಳಿಯಿಲ್ಲದ ರೊಟ್ಟಿ ಸುಟ್ಟವರದ್ದು.
ಉಪ್ಪಿಲ್ಲದ ಅನ್ನ, ಹುಳಿಯಿಲ್ಲದ ರೊಟ್ಟಿ,
ಒಂದೇ ದಾರದಲ್ಲಿ ಹೊಲಿದಿಟ್ಟಿದ್ದರು.
ಅಜ್ಜಿ ಎರಡು ಕತೆಯನ್ನೂ ಎಂದೂ ಕೂಡಿಸಿ ನೋಡಲಿಲ್ಲ.
ನಾನೂ ನೋಡಿರಲಿಲ್ಲ,
ಭಾನುವಾರ ಭಾನುವಾರ ನಾಲಿಗೆಯ ಮೇಲೆ
ಹುಳಿಯಿಲ್ಲದ್ದನ್ನೇ ಕರಗಿಸುತ್ತಿದ್ದರೂ.

ಮರುದಿನ ಕತ್ತರಿಸಿದೆ. ನೋಯುವ ಕೈ ಅವರದು.
ಮಡಿಕೆ ಸೀಳುವಾಗ ಸದ್ದು ಬರುವುದಿಲ್ಲ.
ಬಿಡಿಯಾದ ಹಾಳೆ ತಾನಾಗಿ ನಿಲ್ಲುವುದೂ ಇಲ್ಲ,
ಈಚೆಯದಾಗಲಿ ಆಚೆಯದಾಗಲಿ.
ಒಂದೇ ಬಟ್ಟೆಯಿಂದ ಹರಿದ ಪಟ್ಟಿ, ಮೈದಾ ಅಂಟು,
ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತು.

ಮುಸ್ಸಂಜೆ ಬೆನ್ನಿಗೆ ಚಿನ್ನದ ಅಕ್ಷರ.
ಒಂದಕ್ಕೆ 'ಹೊಸದು' ಒತ್ತಿದೆ.
ಇನ್ನೊಂದಕ್ಕೆ ಅಚ್ಚು ಕಾಯಿಸಿ ಹಿಡಿದು ನಿಂತೆ.
ಶುಕ್ರವಾರ. ಎಲ್ಲೋ ಈಗ ದೀಪ ಹಚ್ಚಿ
ಇದನ್ನೇ ಬಲದಿಂದ ಎಡಕ್ಕೆ ಓದುವ ಮನೆಯಲ್ಲಿ
ಇದು ಹಳೆಯದಲ್ಲ. ಇರುವುದೇ ಇದು.
ಅಚ್ಚು ಆರಿತು.

ಸೋಮವಾರ ಟೀಚರ್ ಬರಿಯ ಬೆನ್ನನ್ನು ತಡವಿದರು,
ಏನೂ ಕೇಳಲಿಲ್ಲ.
ಒಂದರ ಕೂಲಿ ಎಣಿಸಿಟ್ಟರು.
"ಎರಡು ಉಂಟಲ್ಲ ಟೀಚರ್."
"ಪುಸ್ತಕ ಒಂದೇ ತಾನೇ?"

ಎಡಗೈಗೊಂದು, ಬಲಗೈಗೊಂದು
ಹಿಡಿದು ಇಳಿಜಾರು ಇಳಿದರು,
ಆ ಬಿಸಿಲಿಗೆ ಕೊಡೆ ಬಿಡಿಸಲು
ಕೈ ಉಳಿಯದೆ.