ತಿದ್ದುಪಡಿ ಚೀಟಿ

ಮೈದಾಹಿಟ್ಟು ಎರಡು ಚಮಚ, ನೀರು ಒಂದು ಲೋಟ,
ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ.
ಕುದಿದು ನೀಲಿ ತಿರುಗಿದರೆ ಅಂಟು ತಯಾರು.
ಸಾಗರದ ವಕೀಲರ ಸಂಘದ ಲೈಬ್ರರಿಯಲ್ಲಿ
ಮೂವತ್ತು ವರ್ಷ ನಾನು ಮಾಡಿದ ಅಡುಗೆ ಇದು.

ಅಂಚೆಯಲ್ಲಿ ಬರುತ್ತವೆ ಚೀಟಿಗಳು, ಈರುಳ್ಳಿ ಸಿಪ್ಪೆಯಷ್ಟು ತೆಳು.
ಇಂಥ ಪದದ ಬದಲಿಗೆ ಇಂಥ ಪದ
ಪ್ರತಿಯೋಜಿಸತಕ್ಕದ್ದು.
ಅಂಟಿಸು, ಬಟ್ಟೆಯಿಂದ ಒತ್ತು, ಮೇಲೊಂದು ಇಟ್ಟಿಗೆ ಇಡು.
ತೀರ್ಪಾದರೆ ಚೀಟಿಯಿಲ್ಲ,
ಅಂಚಿನಲ್ಲಿ ಪೆನ್ಸಿಲ್ ಗುರುತು.
ದಿಲ್ಲಿಯಲ್ಲಿ ಯಾರೋ ಕೆಮ್ಮಿ, ನೀರು ಕುಡಿದು ಹೇಳಿದ ಮಾತು
ಇಲ್ಲಿ ನನ್ನ ಕೈಬರಹ.

ಗಂಡು ಗಂಡನ್ನು ಕೂಡಿದರೆ ಜೈಲಿಲ್ಲ ಎಂದ ದಿನ
ಕ್ಯಾಂಟೀನಿನ ಹುಡುಗ ಲೋಟ ತೊಳೆಯುತ್ತ
ಕೇಳಿಸದವನ ಹಾಗೆ ಕೇಳಿಸಿಕೊಂಡ.
ಸಂಜೆ ಒಬ್ಬನೇ ಬಂದ: ‘ಯಾವ ಪುಟ, ತೋರಿಸಿ.’
ಅದೇ ತಿಂಗಳು ಹಾದರವೂ ಅಪರಾಧವಲ್ಲವಾಯಿತು;
ನೋಟರಿ ಗಜಾನನ ಭಟ್ಟರು ಕನ್ನಡಕ ಒರೆಸಿ
ಎರಡು ಸಲ ಓದಿದರು.
ಅಪಘಾತದಲ್ಲಿ ಸತ್ತ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂಬುದನ್ನು
ಗುರುತು ಹಾಕುವಾಗ
ಹೆಂಡತಿ ಕಟ್ಟಿಕೊಟ್ಟ ಬುತ್ತಿ ಪಕ್ಕದಲ್ಲೇ ಇತ್ತು, ಇನ್ನೂ ಬೆಚ್ಚಗೆ.

ಆಮೇಲೆ ಒಂದು ಜುಲೈಗೆ ನಾನೂರ ಇಪ್ಪತ್ತೇ ಸತ್ತಿತು.
ಮೋಸಕ್ಕೀಗ ಮುನ್ನೂರ ಹದಿನೆಂಟು.
‘ಇನ್ನು ಬೈಯೋದು ಹೆಂಗಪ್ಪ?’ ಅಂದ ಅಮೀನ ದಾವಲ್‌ಸಾಬ,
‘ಬಾಯಿಗೇ ಒಗ್ಗಲ್ಲ ಇದು.’
ಹಳೆಯವನ್ನೆಲ್ಲ ತೂಕಕ್ಕೆ ಹಾಕಿ ಎಂದರು ಅಧ್ಯಕ್ಷರು.

ಕಟ್ಟು ಕಟ್ಟುವಾಗ ಒಂದು ಚೀಟಿ ತಾನೇ ಎದ್ದು ಕೈಗೆ ಬಂತು.
ಎರಡು ಸಾವಿರದ ಐದರದ್ದು.
ಮಗಳೂ ಮಗನ ಹಾಗೆಯೇ, ಹುಟ್ಟಿನಿಂದಲೇ.

ಆಗ ಅಪ್ಪ ಸತ್ತು ನಾಲ್ಕು ವರ್ಷ.
ತಾಳಗುಪ್ಪದ ಕಡೆ ಮೂವತ್ತು ಗುಂಟೆ ಗದ್ದೆ,
ಪಹಣಿಯಲ್ಲಿ ನಾನೊಬ್ಬನೇ.
ಅಪ್ಪ ಮೊದಲೇ ತೀರಿದ್ದರೆ ಮಗಳಿಗೆ ಉಂಟೋ ಇಲ್ಲವೋ
ಎಂದು ವಕೀಲರು ಹದಿನೈದು ವರ್ಷ ಜಗಳಾಡಿದರು.
ಮೇಜು ಒರೆಸುತ್ತ ನಾನು
‘ಇಲ್ಲ’ ಎನ್ನುವವರ ಕಡೆ ನಿಂತಿದ್ದೆ, ಬಾಯಿಬಿಡದೆ.
ಉಂಟು ಎಂದು ಕೊರೋನಾದ ವರ್ಷ ಹೇಳಿಬಿಟ್ಟರು.
ಬೀಗ ಹಾಕಿದ ಕೋಣೆ, ಬಾಯಿಗೆ ಮಾಸ್ಕು.
ಗುರುತು ಹಾಕಿದೆ,
ಬಹಳ ಸಣ್ಣ ಅಕ್ಷರದಲ್ಲಿ.

ತಂಗಿ ಗುತ್ತ್ಯಮ್ಮ ಸೊರಬದಿಂದ ಪ್ರತಿ ವರ್ಷ ಬರುತ್ತಾಳೆ
ಭೂಮಿ ಹುಣ್ಣಿಮೆಗೆ.
ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತಾಳೆ,
ಬೆಳಕು ಹರಿಯುವ ಮೊದಲೇ
ಬಸುರಿ ಗದ್ದೆಗೆ ಬಯಕೆಯೂಟ ಉಣಿಸಿ ಹೋಗುತ್ತಾಳೆ.
ಯಾರ ಗದ್ದೆಗೆ ಎಂದು ನಾನು ಯೋಚಿಸಿರಲಿಲ್ಲ.
ಯೋಚಿಸಿದ್ದೆ.

ಈ ಸಲ ಬದುವಿನ ಮೇಲೆ, ಲಾಟೀನಿನ ಬೆಳಕಿಗೆ ಚೀಟಿ ಹಿಡಿದೆ.
ಇಂಗ್ಲಿಷು. ನಾನೇ ಓದಿ ಹೇಳಬೇಕು.
‘ಗೊತ್ತು’ ಅಂದಳು, ಎರಡನೇ ಸಾಲಿಗೇ.
‘ಸಂಘದ ಮೀಟಿಂಗಿನಲ್ಲಿ ಹೇಳಿದ್ರು, ಆವಾಗಲೇ.’
ಮತ್ತೆ ಯಾಕೆ ಕೇಳಲಿಲ್ಲ?
‘ಪುಸ್ತಕದ ಹತ್ರ ಇರೋನು ನೀನು.
ನಿನಗೆ ಗೊತ್ತಾಗದೆ ಇರುತ್ತಾ?
ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ.
ಬುಟ್ಟಿ ಹಿಡಿ, ಭಾರ.’

ಹಿಡಿದೆ.
ಅವಳು ಕೆಸರಿನಲ್ಲಿ ಗುಳಿ ತೋಡಿ ಕಡುಬು ಹೂತಳು.
ಮೈಲುತುತ್ತದ ನೀಲಿ ನನ್ನ ಉಗುರಿನಲ್ಲಿ,
ಅಕ್ಕಿಹಿಟ್ಟು ಅವಳದರಲ್ಲಿ.
ನಾಡಕಚೇರಿ ನಾಳೆ ಎಷ್ಟು ಹೊತ್ತಿಗೆ ತೆಗೀತಾರೆ ಎಂದು
ಅವಳು ಕೇಳಲಿಲ್ಲ.
ಹತ್ತೂವರೆಗೆ, ಅಂದೆ.