ಮೂರೂಕಾಲು ಮನೆ

ಬಸ್ಸು ಕಡೆಯ ಸಲ ಕೆಮ್ಮಿ ನಿಂತಲ್ಲಿ ಕಂಡಕ್ಟರು
ನನ್ನ ಚೀಲ ನೋಡಿ ಕೇಳಿದ:
‘ವೋಟಾ, ದನಾನಾ, ಜನಾನಾ, ಮೇಡಂ?’
‘ಮನೆ’ ಎಂದೆ. ‘ಈ ಸಲ ಬರೀ ಮನೆ ಎಣಿಸೋದು.’
‘ಹಂಗಾದ್ರೆ ಬೇಗ ಮುಗೀತದೆ’ ಎಂದು ನಕ್ಕು
ಖಾಲಿ ಬಸ್ಸನ್ನು ಆನೇಕಲ್ಲಿಗೆ ತಿರುಗಿಸಿಕೊಂಡು ಹೋದ.

ಆಮೇಲೆ ಕಾಲುದಾರಿ. ಲಂಟಾನ
ದುಪಟ್ಟಾದ ತುದಿ ಹಿಡಿದು ಯಾರ ಪೈಕಿ ಎಂದು ವಿಚಾರಿಸಿತು.
ಬಂಡೆಯ ಮೇಲೆ ಒಣಗಲು ಹರವಿದ ಹುಚ್ಚೆಳ್ಳು,
ಕಾವಲಿಗೆ ಕೋಲಿಗೆ ಸಿಕ್ಕಿಸಿದ ಒಂಟಿ ಚಪ್ಪಲಿ.
ಫೋನಿನ ಕಡ್ಡಿ ನಾಲ್ಕು, ಎರಡು, ಒಂದಾಗಿ
‘ತಮಿಳುನಾಡಿಗೆ ಸ್ವಾಗತ’ ಎಂದು ಮೆಸೇಜು ಬಂತು.
ನಾನಿನ್ನೂ ಫಾರಮ್ಮಿನ ನೆತ್ತಿಯಲ್ಲೇ ಇದ್ದೆ:
ಜಿಲ್ಲೆ, ಬೆಂಗಳೂರು ನಗರ.

ಹಲಸೂರಿನವಳು ನಾನು.
ಒಂದು ಗೋಡೆಗೆ ಎರಡು ಮನೆ, ಒಂದು ಮೆಟ್ಟಿಲಿಗೆ ಐದು.
ನಮ್ಮ ಬೀದಿ ಎಣಿಸಲು ಬಂದ ಮೇಷ್ಟ್ರಿಗೆ
ಮೂರು ದಿನ, ಎರಡು ಪೆನ್ನು, ಒಂದು ನಾಯಿಕಡಿತ.

ಇಲ್ಲಿ ಒಂದನೆಯದಕ್ಕೆ ಬೀಗ.
ಯರ್ರಪ್ಪನವರದಂತೆ, ಕೊಯ್ಲಿಗೆ ಬರುತ್ತಾರಂತೆ.
ಎರಡನೆಯದು ಅಕ್ಕಯ್ಯಮ್ಮನದು.
ಗೋಡೆ, ಮಣ್ಣು. ಸೂರು, ಅರ್ಧ ನಾಡಹೆಂಚು, ಅರ್ಧ ಶೀಟು.
ಫ್ರಿಜ್ಜು?
‘ಅದೆ. ರಾಗಿಹಿಟ್ಟು ಇಟ್ಟಿದೀನಿ, ಇಲಿ ಹೋಗಾಕಿಲ್ಲ.’
ಮೂರನೆಯ ಮನೆ ಯಾರದು?
ಮೊರ ಕೊಡವಿದಳು. ‘ನೀವೇ ಹೋಗಿ ಕೇಳ್ಕಳಿ.’
ಕೂಗಿದರೆ ಕೇಳುವಷ್ಟು ಹತ್ತಿರ,
ಆದರೆ ಎರಡಕ್ಕೂ ಬಾಗಿಲು ಒಂದೊಂದು ದಿಕ್ಕಿಗೆ.
ನಡುವೆ ಹಲಸಿನ ಬೊಡ್ಡೆಯೊಂದು, ಕಡಿದು ಹನ್ನೊಂದು ವರ್ಷ.
ಕಾಯಿ ಯಾರ ಕಡೆ ಬಿದ್ದಿತ್ತು ಎಂಬುದಕ್ಕೆ
ಫಾರಮ್ಮಿನಲ್ಲಿ ಕಾಲಂ ಇಲ್ಲ.

ಮೂರನೆಯದರಲ್ಲಿ ಪಿಳ್ಳಮ್ಮ ಮಜ್ಜಿಗೆ ಕೊಟ್ಟು
‘ಆಯಮ್ಮ ಏನು ಕೊಟ್ಲು?’ ಎಂದಳು. ನೀರು ಎಂದೆ.
ಲೋಟಕ್ಕೆ ಇನ್ನಷ್ಟು ಸುರಿದಳು.

ಹೊಲದ ನಡುವೆ ಹೊಂಗೆಮರದ ಕವಲಲ್ಲಿ ಅಟ್ಟಣೆ.
ರಾಗಿ ತೆನೆ ಕಟ್ಟಿದಾಗಿನಿಂದ ಬಚ್ಚಪ್ಪ ಅಲ್ಲೇ.
ಒಂದು ದಿನ ಇವರ ಮುದ್ದೆ, ಒಂದು ದಿನ ಅವರ ಮುದ್ದೆ,
ಎರಡೂ ಮನೆಯ ಉಪ್ಪು ತಿಂದೂ ಯಾರ ಪರವೂ ಅಲ್ಲದವನು.
‘ನಂದೂ ಬರ್ಕಳಿ’ ಎಂದು ಮೇಲಿಂದಲೇ ಕೂಗಿದ.
‘ಪೂರಾ ಮನೆ ಅಲ್ಲ ಬುಡಿ, ಕಾಲು ಅಂತ ಹಾಕ್ಕಳಿ.’

ಐದರ ಮೇಲೆ ಇಳಿಯುವ ಹಾಗಿಲ್ಲವಂತೆ,
ಅವು ನೀರಿಗೆ ಬರುವ ದಾರಿ.
ಯಾವು ಎಂದೆ. ಹೆಸರು ಹೇಳಲಿಲ್ಲ.
ಹೆಸರು ಹೇಳದವರ ಲೆಕ್ಕ ಅಕ್ಕಯ್ಯಮ್ಮನಿಗೆ ಎರಡಾಯಿತು.

ಚಾಪೆಯ ಮೇಲೆ ನಿದ್ದೆ ಹತ್ತದೆ ಹೊರಗೆ ಬಂದೆ.
ಬಡಗಲ ಆಕಾಶ ಯಾರೋ ಒಲೆ ಆರಿಸಲು ಮರೆತಂತೆ.
ಅಲ್ಲೆಲ್ಲೋ ನನ್ನ ಮೆಟ್ಟಿಲು, ಅದರ ಐದು ಮನೆ,
ಇಲ್ಲಿಗೆ ಒಂದೂ ಬಿಡಿಯಾಗಿ ಕಾಣುವುದಿಲ್ಲ.

ಆಗ ಅಟ್ಟಣೆಯಿಂದ ಒಂದು ಸಿಳ್ಳು.
ಅಕ್ಕಯ್ಯಮ್ಮ ಎದ್ದದ್ದೂ ಕಾಣಲಿಲ್ಲ,
ಎಣ್ಣೆಡಬ್ಬಿ ಮೇಲೆ ಸೌದೆ: ಡಣ್, ಡಣ್.
ಬೊಡ್ಡೆಯಾಚೆಯಿಂದ ತಡಮಾಡದೆ: ಡಣಡಣ್.
ಇವಳು ನಿಲ್ಲಿಸಿದರೆ ಅವಳು, ಅವಳು ಉಸಿರೆಳೆದುಕೊಂಡರೆ ಇವಳು,
ಒಂದು ಪೆಟ್ಟಿನ ಮೇಲೆ ಇನ್ನೊಂದು ಬೀಳದ ಹಾಗೆ.
ಕತ್ತಲೆಯ ಒಂದು ಭಾಗ ರಾಗಿಯಿಂದ ಬಿಡಿಸಿಕೊಂಡು,
ಅವಸರವಿಲ್ಲದೆ, ಕಾಡಿನ ಕಡೆ ತಿರುಗಿತು.
ಅದು ಹೋದ ಮೇಲೂ ತಗಡು ಸುಮಾರು ಹೊತ್ತು ನಡೆಯಿತು.

ಬೆಳಿಗ್ಗೆ ಕೇಳಿಬಿಟ್ಟೆ: ಹಂಗಾದ್ರೆ ಮಾತಾಡ್ತೀರಲ್ಲ?
‘ಅದು ಮಾತಲ್ಲ, ತಗಡು’ ಎಂದಳು ಅಕ್ಕಯ್ಯಮ್ಮ.
ಕಾಫಿ ಸೋಸುತ್ತಾ, ಸ್ವಲ್ಪ ತಡೆದು:
‘ನಿಮ್ ಬೀದೀಲಿ ಅಷ್ಟೊಂದು ಮನೆ ಅಂತೀರಾ.
ಏನಾರ ಬಂದ್ರೆ ಏನು ಬಡೀತೀರಾ?’

ಇಳಿಜಾರಿನ ತಿರುವಲ್ಲಿ ಪಿಳ್ಳಮ್ಮ ಕಾದಿದ್ದಳು,
ಸೆರಗಿನಲ್ಲಿ ಒಂದು ಸೇರು ಅವರೆಕಾಯಿ.
ಚೀಲಕ್ಕೆ ಸುರಿದು, ಸುತ್ತ ನೋಡಿ,
ಮೆಲ್ಲಗೆ ಕೇಳಿದಳು:
‘ನಮ್ದು ಎರಡನೇ ನಂಬ್ರಾನೋ, ಮೂರನೇದೋ?’